ಕೂಗಿದವನು

ಬೆಳಿಗ್ಗೆ ಪೇಟೆಯಲ್ಲಿ ಗಲಭೆಯಾಗಿ ಅಂಗಡಿಗಳು ಸುಟ್ಟುಹೋಗಿದ್ದವು. ಮಧ್ಯಾಹ್ನವೆಲ್ಲ ದ್ಯಾಮಣ್ಣ ಪೊಲೀಸರು ಗೊತ್ತುಮಾಡಿದ ಆಟೋದಲ್ಲಿ ಕೂತು ಊರ ತುಂಬ ಮೈಕಿನಲ್ಲಿ ಕೂಗಿದ: "ನಾಲ್ಕು ಗಂಟೆಯಿಂದ ಕರ್ಫ್ಯೂ. ಯಾರೂ ಮನೆಯಿಂದ ಹೊರಗೆ ಬರತಕ್ಕದ್ದಲ್ಲ!" ಸಿನಿಮಾ ಇರಲಿ, ಸಾವಿರಲಿ, ಆ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಅವನದೇ ದನಿ. ನಾಲ್ಕು ಹೊಡೆಯುತ್ತಲೇ ಅವನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಇಳಿಸಿ ಆಟೋ ಹೊರಟುಹೋಯಿತು. ಮನೆ ಇನ್ನೂ ಎರಡು ಮೈಲಿ ದೂರವಿತ್ತು.

ಸರ್ಕಲ್ಲಿನಲ್ಲಿ ಪೊಲೀಸ್ ಜೀಪಿನ ಪಕ್ಕ ಪೇದೆಯೊಬ್ಬ ಲಾಠಿ ಅಡ್ಡ ಹಿಡಿದು ನಿಂತಿದ್ದ. ದ್ಯಾಮಣ್ಣನ ಮುಂದೆ ಹಾಲಿನ ಕ್ಯಾನು ಹಿಡಿದ ಮುದುಕಿಯೊಬ್ಬಳಿದ್ದಳು.

"ಕೂಗಿದ್ದು ಕೇಳಲೇ ಇಲ್ಲೋ ಯಪ್ಪಾ," ಎಂದಳು.

"ಗೊತ್ತಿಲ್ದ ಬಂದೀ, ಹೋಗು. ಲಗೂ ಮನಿ ಸೇರು," ಎಂದು ಪೇದೆ ಅವಳನ್ನು ಬಿಟ್ಟ. ಆಮೇಲೆ ಇತ್ತ ತಿರುಗಿದ.

"ನಿಂದೇನಲೇ? ಮೈಕಿನ್ಯಾಗ ಕೂಗಿದ್ದು ಕೇಳಲಿಲ್ಲೇನು?"

"ಕೂಗಿದಾವನ ನಾನರೀ ಸಾಹೇಬ್ರ. ನಿಮ್ಮವ್ರ ಕೂಗಿಸ್ಯಾರ."

"ನೀನು? ನಂಬೂದು ಹೆಂಗ?"

ದ್ಯಾಮಣ್ಣ ಗಂಟಲು ಸರಿಮಾಡಿಕೊಂಡ. ಬಾಯಿಗೆ ಕೈ ಅಡ್ಡ ಹಿಡಿದು, ಮೈಕಿಲ್ಲದೆಯೇ ಕೂಗಿದ: "ಯಾರೂ ಮನೆಯಿಂದ ಹೊರಗೆ ಬರತಕ್ಕದ್ದಲ್ಲ!" ಖಾಲಿ ರಸ್ತೆಯುದ್ದಕ್ಕೂ ದನಿ ಮೊಳಗಿತು. ಮೇಲೆಲ್ಲೋ ಒಂದು ಕಿಟಕಿ ಪಟ್ಟನೆ ಮುಚ್ಚಿಕೊಂಡಿತು.

ಪೇದೆಯ ಮುಖ ಅರಳಿತು. "ಹೌದಲೇ, ಅದ ದನಿ!"

"ಹಂಗಾರ ಹೋಗಲೇನ್ರಿ?"

"ಎಲ್ಲಿಗೆ? ಆ ಮುದುಕಿಗೆ ಗೊತ್ತಿರಲಿಲ್ಲ. ನಿನಗ ಗೊತ್ತಿತ್ತು. ಜೀಪು ಹತ್ತು."