ಜೋಪಾನ

"ನೀವು ಹೇಳಿದ ಹಾಗೇ ಜೋಪಾನವಾಗಿಟ್ಟಿದ್ದೆ ಸಿಸ್ಟರ್," ಎನ್ನುತ್ತ ತಾಯಿ ಮಗನ ಹೆಣದ ಪಕ್ಕದಿಂದ ಎದ್ದು ಕಬ್ಬಿಣದ ಬೀರುವಿನ ಬೀಗ ತೆಗೆದಳು. ಬಾಗಿಲ ಮೇಲೆಲ್ಲ ಸುತ್ತಿಗೆ ಏಟಿನ ಗುರುತು. ಒಳಗೆ ಬಟ್ಟೆಗಳ ಅಡಿಯಲ್ಲಿ ಔಷಧಿಯ ಡಬ್ಬಿ ಸೀಲೂ ಒಡೆಯದೆ ಕೂತಿತ್ತು.

"ಬೀಗದ ಕೈ ನನ್ನ ಕೊರಳಲ್ಲೇ ಇತ್ತು, ನಾನು ಕೆಲಸಕ್ಕೆ ಹೋಗಿದ್ದೆ. ಸೊಸೆ ಒಬ್ಬಳೇ ಬಡಿದೂ ಬಡಿದೂ ಸೋತಳು."

ನಶೆ ಮಿತಿಮೀರಿ ಉಸಿರು ನಿಲ್ಲುವಾಗ ಮೂಗಿಗೆ ಬಿಟ್ಟರೆ ಜೀವ ಉಳಿಸುವ ಔಷಧಿ ಅದು. ಆಸ್ಪತ್ರೆ, ಪೊಲೀಸ್, ಶಾಲೆ ಕೈಜೋಡಿಸಿ ಬೀದಿಗೆಲ್ಲ ಕೊಟ್ಟಿದ್ದರು. ಮನೆಮನೆಗೂ ಹಂಚಿದ್ದು ಈ ನರ್ಸ್. ಪ್ರತಿ ಹೊಸ್ತಿಲಲ್ಲೂ ಅಭ್ಯಾಸಬಲದಿಂದ "ಜೋಪಾನ" ಎಂದಿದ್ದೂ ಅವಳೇ.

ಅವಳು ಹೊರಗೆ ಬಂದಳು. ಪಕ್ಕದ ಮನೆಯಾಕೆ ಓಡಿ ಬಂದು ಪಿಸುಗುಟ್ಟಿದಳು: "ನೀವೇನೂ ಯೋಚನೆ ಮಾಡ್ಬೇಡಿ ಸಿಸ್ಟರ್. ನಮ್ಮನೇದು ಎರಡೆರಡು ಬೀಗ ಹಾಕಿ ಇಟ್ಟಿದ್ದೀನಿ."