ಹುರುಳಿ ಡಬ್ಬಿ

ಮೊಮ್ಮಗು ಬೇಕೆಂಬ ಆಸೆಗೆ ಅತ್ತೆ, ಮನೆಯಲ್ಲಿ ಹುರುಳಿ ಸಾರು ಮಾಡುವುದನ್ನೇ ಬಿಟ್ಟಿದ್ದರು. ಹುರುಳಿ ಮೈಗೆ ಉಷ್ಣ, ಸೊಸೆಗೆ ಬಸಿರು ನಿಲ್ಲುವುದಿಲ್ಲ ಎಂಬ ಭಯ. ಯಾರೂ ಮುಟ್ಟದ ಆ ಹುರುಳಿ ಡಬ್ಬಿಯಲ್ಲೇ ಸೊಸೆ ತನ್ನ ಗರ್ಭನಿರೋಧಕ ಮಾತ್ರೆಗಳನ್ನು ಬಚ್ಚಿಟ್ಟಿದ್ದಳು. ಬಿ.ಎಡ್. ಮುಗಿಯುವವರೆಗೆ ಮಗು ಬೇಡವೆಂದುಕೊಂಡದ್ದನ್ನು ಗಂಡನಿಗೂ ಹೇಳಿರಲಿಲ್ಲ.

ಮಾತ್ರೆ ಶುರುಮಾಡಿ ಮೂರು ತಿಂಗಳಾಗಿತ್ತು. ಈಚೆಗೆ ಅವಳಿಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ನಿನ್ನೆ ಬಟ್ಟೆ ಒಣಹಾಕಲು ತಾರಸಿಗೆ ಹೋದವಳು ಕೆಳಗೆ ನೋಡುತ್ತ ನಿಂತುಬಿಟ್ಟಿದ್ದಳು. ಅತ್ತೆಯೇ ಬಂದು ರಟ್ಟೆ ಹಿಡಿದು ಒಳಗೆ ಕರೆತಂದಿದ್ದರು. ಇವತ್ತು ಆಸ್ಪತ್ರೆಗೂ ಅವರೇ ಕರೆತಂದರು.

"ಯಾವಾಗಿಂದ ಹೀಗೆ?" ಡಾಕ್ಟರಮ್ಮ ಕೇಳಿದರು.

"ಎರಡು ತಿಂಗಳಾಯ್ತು ಮೇಡಂ. ನಂಗೆ ನನ್ನ ಕಂಡ್ರೇ ಭಯ ಆಗುತ್ತೆ. ತಾರಸಿ ಮೆಟ್ಟಿಲು ನೋಡಿದ್ರೂ ಕೈಕಾಲು ನಡುಗುತ್ತೆ."

"ಯಾವುದಾದ್ರೂ ಮಾತ್ರೆ ತಗೊಳ್ತಿದೀಯೇನಮ್ಮ?"

ಅತ್ತೆ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

"ಇಲ್ಲ ಮೇಡಂ."

"ಯೋಚನೆ ಮಾಡಿ ಹೇಳು. ಹಾರ್ಮೋನಿನ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತೆ."

"ಇಲ್ಲ."

ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ಅತ್ತೆ ಮೇಜಿನ ಮೇಲೆ ಕೈ ಚಾಚಿ ಅವರನ್ನು ತಡೆದರು.

"ತಗೊಳ್ತಾಳೆ ಡಾಕ್ಟ್ರೇ, ಹುರುಳಿ ಡಬ್ಬೀಲಿ ಇಟ್ಕೊಂಡಿದಾಳೆ. ಅವಳ ಓದು ಮುಗಿಯೋವರೆಗೂ ಮಗು ಆಗಬಾರದು, ಹೀಗೆ ಅಳಿಸದಂಥದ್ದು ಬೇರೆ ಏನಾದ್ರೂ ಬರ್ಕೊಡಿ."