ಅರವತ್ತರ ವಿನಾಯಿತಿ

ಮನುಷ್ಯರು ಮಾಡುವಂಥ ಕೆಲಸ ಎಲ್ಲೂ ಉಳಿದಿರಲಿಲ್ಲ. ಆದರೂ ಸರ್ಕಾರದ ನೆರವು ಬೇಕೆಂದರೆ ಕೆಲಸ ಹುಡುಕುತ್ತಿರುವುದಕ್ಕೆ ಪುರಾವೆಯಾಗಿ ವಾರಕ್ಕೊಂದು ಸಂದರ್ಶನ ಕೊಡಲೇಬೇಕಿತ್ತು. ಗದಗಿನ ಚನ್ನವ್ವ ಪ್ರತಿ ಸೋಮವಾರ ಇಳಕಲ್ ಸೀರೆ ಉಟ್ಟು ಸಂದರ್ಶನ ಮಾಡುವ ಯಂತ್ರದ ಮುಂದೆ ಕೂರುತ್ತಿದ್ದಳು. "ನಿಮ್ಮ ಬಗ್ಗೆ ಹೇಳಿ" ಎಂದು ಅವಳನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ.

ಈ ಸೋಮವಾರ ಯಂತ್ರ ಹಾಗೆ ಕೇಳಲಿಲ್ಲ. "ನಿಮಗೆ ಅರವತ್ತು ತುಂಬಿದೆ. ಇನ್ನು ಕೆಲಸ ಹುಡುಕಬೇಕಿಲ್ಲ, ಬರಬೇಕಾಗಿಯೂ ಇಲ್ಲ. ನೆರವು ಮನೆಗೇ ಬರುತ್ತದೆ" ಎಂದಿತು.

ಚನ್ನವ್ವ ಎರಡೂ ಕೈ ಅಡ್ಡ ಆಡಿಸಿದಳು. "ಯಾರ್ ಹೇಳಿದ್ರಿ? ನನಗಿನ್ನಾ ಐವತ್ತೆಂಟ್ರೀ!"

"ಹಾಗಾದರೆ ತನಿಖೆಯಾಗಬೇಕು. ಮೂರು ತಿಂಗಳು ನೆರವು ಸಿಗುವುದಿಲ್ಲ. ಸಂದರ್ಶನ ಮಾತ್ರ ಇರುತ್ತದೆ."

"ಆಗ್ಲಿ ಬಿಡ್ರಿ" ಎನ್ನುತ್ತ ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಹೋದ ವಾರ ನನ್ನ ಕತಿ, ನಮ್ಮನೆಯವ್ರಿಗೆ ಕಡೀ ಸಲ ಜ್ವರ ಬಂತಲ್ರೀ, ಅಲ್ಲಿಗೆ ನಿಂತಿತ್ತು. ಮುಂದ ಏನಾತಂದ್ರ..."